ತಂಪಾನೂರಿನಲ್ಲಿ ಇಟಲಿಯ ತಾಲೀಮು

ಇಟಲಿಗೆ ಹೋಗುವ ಮುಂಚೆ ಒಮ್ಮೆ ತಂಪಾನೂರಿಗೆ ಹೋಗಿಬರೋಣ ಎಂದವಳು ನನ್ನ ಹೆಂಡತಿ. ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡೆ.

ಬರುವ ಮೇ ತಿಂಗಳಿಗೆ ನಮ್ಮ ಮದುವೆಯಾಗಿ 25 ವರ್ಷ. ಮಗಳು ಕೆಲಸಕ್ಕೆ ಸೇರಿ ಬೆಂಗಳೂರಿನಲ್ಲಿದ್ದಾಳೆ, ಕೊಚ್ಚಿಯ ಮನೆಯಲ್ಲಿ ಈಗ ಇಬ್ಬರೇ. ಹನ್ನೆರಡು ದಿನದ ಇಟಲಿ ಎಂದು ನಿಶ್ಚಯವಾಗಿತ್ತು. ರೋಮ್, ಫ್ಲಾರೆನ್ಸ್, ವೆನಿಸ್, ಇಷ್ಟರಲ್ಲಿ ತಕರಾರಿಲ್ಲ. ತಕರಾರಿದ್ದದ್ದು ಒಂದೇ: ರೈಲೋ, ಬಾಡಿಗೆ ಕಾರೋ.

ನನ್ನದು ಕಾರಿನ ಪಕ್ಷ. ಟಸ್ಕನಿಯ ಗುಡ್ಡಗಳ ನಡುವೆ ಸೈಪ್ರೆಸ್ ಮರಗಳ ಸಾಲು, ಮನಸ್ಸು ಬಂದಲ್ಲಿ ನಿಲ್ಲಿಸಿ ಇಳಿಯುವುದು, ಸೂಟ್‌ಕೇಸ್ ಹೊತ್ತು ಮೆಟ್ಟಿಲು ಹತ್ತುವ ಕಷ್ಟವಿಲ್ಲ. ಅವಳು ವಾದಕ್ಕೇ ಬರಲಿಲ್ಲ. "ರೈಲಾದರೆ ಬರ್ತೇನೆ" ಎಂದಷ್ಟೇ. ಮೂರು ವಾರ ಮನೆಯಲ್ಲಿ ಇದೇ ನಡೆಯಿತು. ಕೊನೆಗೆ ಅವಳೇ ಉಪಾಯ ಹೇಳಿದಳು: "ತಂಪಾನೂರಿಗೆ ರೈಲಿನಲ್ಲಿ ಹೋಗುವ. ಬರುವಾಗ ಅಲ್ಲಿಂದಲೇ ಕಾರು ಬಾಡಿಗೆಗೆ ತಕ್ಕೊಂಡು ನೀವೇ ಓಡಿಸಿ. ಆಮೇಲೆ ನೀವು ಹೇಳಿದ ಹಾಗೆ."

ತಿರುವನಂತಪುರಂ ನೋಡದವರಿಗೆ: ತಂಪಾನೂರ್ ಎಂದರೆ ಆ ಊರಿನ ಮೆಜೆಸ್ಟಿಕ್. ರಸ್ತೆಯ ಈಚೆ ಸೆಂಟ್ರಲ್ ರೈಲು ನಿಲ್ದಾಣ, ಆಚೆ ಕೇರಳದ ಕೆಎಸ್‌ಆರ್‌ಟಿಸಿ ಬಸ್ ನಿಲ್ದಾಣ. ಕೊಲ್ಲಂ ಕಡೆಯಿಂದ 1918ರಲ್ಲಿ ಚಾಲದವರೆಗೆ ಬಂದು ನಿಂತಿದ್ದ ರೈಲು 1931ರಲ್ಲಿ ಇಲ್ಲಿಗೆ ಮುಟ್ಟಿತು. ಆಗಿನ ಕಲ್ಲಿನ ಕಟ್ಟಡ ಈಗಲೂ ಮುಂದೆ ನಿಂತಿದೆ.

ನನಗೆ ಅದು ಬರೀ ನಿಲ್ದಾಣ, ಅವಳಿಗೆ ಹಾಗಲ್ಲ. ನಾನು ಹಾಸನದ ಕಡೆಯವನು, ಅವಳು ಕಾಸರಗೋಡಿನವಳು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಅಲ್ಲಿಯ ಕನ್ನಡಿಗರಿಗೆ ರಾಜಧಾನಿ ರಾಜ್ಯದ ಇನ್ನೊಂದು ತುದಿಗೆ ಹೋಯಿತು. ಕನ್ನಡ ಶಾಲೆಯ ಮನವಿಗೋ, ಪಿಂಚಣಿಯ ಕಾಗದಕ್ಕೋ ಸಂಜೆ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿ, ಬೆಳಗ್ಗೆ ತಂಪಾನೂರಿನಲ್ಲಿಳಿದು ಮುಖ ತೊಳೆದು ಸೆಕ್ರೆಟರಿಯೇಟ್ ಕಡೆ ನಡೆಯಬೇಕು. ನನ್ನ ಮಾವ ಕನ್ನಡ ಮಾಸ್ತರು. ಹಾಗೆ ಹೋಗುವಾಗ ಮಗಳನ್ನು ಎರಡು ಸಲ ಜೊತೆಗೆ ಕರೆದುಕೊಂಡು ಹೋಗಿದ್ದರಂತೆ. ಮನೆಯಲ್ಲಿ ಮೂರು ಮಾತಿಗಿಂತ ಹೆಚ್ಚು ಆಡದ ಮನುಷ್ಯ. "ಅಪ್ಪ ನನ್ನ ಹತ್ತಿರ ಕೂತು ಮಾತಾಡಿದ್ದು ಆ ಎರಡು ರಾತ್ರಿ ಮಾತ್ರ" ಎಂದು ಅವಳು ಹೇಳಿದ್ದು ಈ ಸಲದ ರೈಲಿನಲ್ಲಿ. 25 ವರ್ಷದಲ್ಲಿ ನಾನು ಕೇಳಿರದ ಮಾತು.

ಎರ್ನಾಕುಲಂನಿಂದ ತಂಪಾನೂರಿಗೆ ರೈಲಿಗೆ ಎರಡು ದಾರಿ. ಕೋಟ್ಟಯಂ ಮೇಲೆ ಹೋಗುವುದು ಹಳೆಯದು. ಕಡಲ ಬದಿಯಲ್ಲಿ ಆಲಪ್ಪುಳದವರೆಗೆ 1989ರಲ್ಲಿ, ಮುಂದೆ ಕಾಯಂಕುಳಂವರೆಗೆ 1992ರಲ್ಲಿ ಹಳಿ ಬಿತ್ತು. ನಾವು ಕಡಲ ದಾರಿ ಹಿಡಿದೆವು. ತೆಂಗಿನ ತೋಟ, ಕಾಲುವೆ, ಹಿತ್ತಿಲಲ್ಲಿ ಬಟ್ಟೆ ಒಣಗಿಸುವ ಹೆಂಗಸರು. ನಾಲ್ಕು ಗಂಟೆಯ ಹಾದಿಯಲ್ಲಿ ಫೋನ್ ತೆಗೆದದ್ದು ಒಂದೇ ಸಲ.

ಕೊಲ್ಲಂ ಇನ್ನೂ ಬಂದಿರಲಿಲ್ಲ. ಗಾಡಿ ಅಷ್ಟಮುಡಿ ಕಾಯಲಿನ ಪೆರುಮಣ್ ಸೇತುವೆಗೆ ಬಂದಾಗ ಎದುರು ಸೀಟಿನ ಹಿರಿಯರೊಬ್ಬರು ಕೈ ಮುಗಿದರು. 1988ರ ಜುಲೈ 8ರಂದು ಬೆಂಗಳೂರಿನಿಂದ ಕನ್ಯಾಕುಮಾರಿಗೆ ಹೊರಟಿದ್ದ ಐಲ್ಯಾಂಡ್ ಎಕ್ಸ್‌ಪ್ರೆಸ್ಸಿನ ಬೋಗಿಗಳು ಇಲ್ಲಿ ನೀರಿಗೆ ಉರುಳಿ 105 ಮಂದಿ ಸತ್ತರು. ಸುಂಟರಗಾಳಿ ಕಾರಣ ಎಂದು ಆಗಿನ ವರದಿ ಹೇಳಿತು. ಆ ಗಾಡಿಗೆ ಐಲ್ಯಾಂಡ್ ಎಂಬ ಹೆಸರು ಬಂದದ್ದು ಹಿಂದೆ ಅದು ಕೊಚ್ಚಿಯ ವಿಲಿಂಗ್ಡನ್ ದ್ವೀಪದವರೆಗೆ ಓಡುತ್ತಿದ್ದುದರಿಂದ. ವೆನಿಸ್ಸಿಗೂ ರೈಲು ಹೀಗೆ ನೀರಿನ ಮೇಲಿನ ಉದ್ದ ಸೇತುವೆ ದಾಟಿಯೇ ಹೋಗುತ್ತದೆ, 1846ರ ಸೇತುವೆ. ನಿಲ್ದಾಣದಿಂದ ಹೊರಗೆ ಬಂದರೆ ಎದುರಿಗೇ ದೊಡ್ಡ ಕಾಲುವೆ. ಕಾರಿನವರು ಊರ ಬಾಗಿಲಲ್ಲೇ, ಪಿಯಾಝಾಲೆ ರೋಮಾದಲ್ಲಿ ಕಾರು ಬಿಡಬೇಕು. ಇದು ನನಗೆ ಗೊತ್ತಿತ್ತು, ವಾದ ಮಾಡುವಾಗ ಹೇಳಿರಲಿಲ್ಲ.

ತಂಪಾನೂರಿನಲ್ಲಿಳಿದು ನೇರ ಇಂಡಿಯನ್ ಕಾಫಿ ಹೌಸ್. ಬಸ್ ನಿಲ್ದಾಣದ ಪಕ್ಕ ಲಾರಿ ಬೇಕರ್ ಕಟ್ಟಿದ ಕೆಂಪು ಗೋಪುರ. ಒಳಗೆ ಮಹಡಿಗಳೇ ಇಲ್ಲ, ನೆಲವೇ ಸುರುಳಿಯಾಗಿ ಮೇಲಕ್ಕೆ ಹೋಗುತ್ತದೆ, ಗೋಡೆಯುದ್ದಕ್ಕೂ ಕಟ್ಟಿದ ಮೇಜು ಮತ್ತು ಆಸನ. ಬಿಳಿ ಪೇಟದ ಸಪ್ಲೈಯರ್‌ಗಳು ಟ್ರೇ ಹಿಡಿದು ದಿನವಿಡೀ ಆ ಇಳಿಜಾರಿನಲ್ಲಿ ಓಡಾಡುತ್ತಾರೆ. "ಪೀಸಾದಲ್ಲಿ ಓರೆ ಗೋಪುರ ನೋಡಲಿಕ್ಕೆ ಅಷ್ಟು ದೂರ ಹೋಗ್ಬೇಕಾ ಮಾರಾಯ್ರೆ?" ಎಂದಳು. ಮಸಾಲೆ ದೋಸೆ ಮುರಿದರೆ ಪಲ್ಯ ಕೆಂಪು, ಬೀಟ್‌ರೂಟ್. ಕಾಫಿ ಮಂಡಳಿಯವರು ಕೆಲಸದಿಂದ ತೆಗೆದ ನೌಕರರು 1957ರಲ್ಲಿ ಮೊದಲ ಸಹಕಾರ ಸಂಘ ಕಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. ಅಲ್ಲಿಯ ದೋಸೆಗೆ ಬೀಟ್‌ರೂಟ್ ಇಲ್ಲ. ಇಲ್ಲಿಗೆ ಹೇಗೆ ಬಂತೋ. 14 ವರ್ಷ ಕೇರಳದಲ್ಲಿದ್ದೂ ನನಗದು ಒಗ್ಗಿಲ್ಲ.

ಅದೇ ಮೇಜಿನಲ್ಲಿ ಕೂತು ಲೆಕ್ಕ ಹಾಕಿದೆವು. ಇಂಥ ಯೋಚನೆಯಲ್ಲಿರುವವರಿಗೆ ಉಪಯೋಗವಾದೀತು ಎಂದು ಬರೆಯುತ್ತೇನೆ. ರೋಮ್‌ನಿಂದ ಫ್ಲಾರೆನ್ಸಿಗೆ ವೇಗದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ, ಅಲ್ಲಿಂದ ವೆನಿಸ್ಸಿಗೆ ಎರಡು ಗಂಟೆ ಚಿಲ್ಲರೆ. ಸರ್ಕಾರಿ ಟ್ರೆನಿಟಾಲಿಯಾ, ಖಾಸಗಿ ಇಟಾಲೊ, ಎರಡೂ ಅದೇ ಹಳಿಯ ಮೇಲೆ ಓಡುತ್ತವೆ. ಮುಂಚೆ ಕಾದಿರಿಸಿದಷ್ಟೂ ಅಗ್ಗ. ಊರೂರು ನಿಲ್ಲುವ ಪ್ರಾದೇಶಿಕ ಗಾಡಿಗೆ ಆ ಅವಸರ ಬೇಡ, ದರ ಬದಲಾಗುವುದಿಲ್ಲ. ಆದರೆ ಕಾಗದದ ಟಿಕೆಟ್ಟಾದರೆ ಹತ್ತುವ ಮುಂಚೆ ಯಂತ್ರದಲ್ಲಿ ಮುದ್ರೆ ಒತ್ತಿಸದಿದ್ದರೆ ದಂಡ. ವೇಟಿಂಗ್ ಲಿಸ್ಟ್, ಆರ್‌ಎಸಿ ಎಂಬ ಪುರಾಣಗಳಿಲ್ಲ. ನಮ್ಮ ಹರತಾಳದ ಹಾಗೆ ಅಲ್ಲೂ ಮುಷ್ಕರ ಉಂಟು; ಮೊದಲೇ ಸಾರುತ್ತಾರೆ, ವಾರದ ದಿನಗಳಲ್ಲಿ ಬೆಳಗ್ಗೆ 6ರಿಂದ 9, ಸಂಜೆ 6ರಿಂದ 9 ಪ್ರಾದೇಶಿಕ ಗಾಡಿಗಳನ್ನು ಓಡಿಸಲೇಬೇಕೆಂಬ ನಿಯಮವಿದೆ. ಕೂಲಿಗಳಿಲ್ಲ. ಪೆಟ್ಟಿಗೆ ನಾವೇ ಎತ್ತಬೇಕು. ಇದೊಂದರಲ್ಲಿ ನಾನೇ ಸರಿ.

ಕಾರಿಗಾದರೆ ಇಲ್ಲಿಯ ಲೈಸೆನ್ಸ್ ಜೊತೆ ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರ್ಮಿಟ್ ಬೇಕು. ಒಂದು ವರ್ಷ ನಡೆಯುತ್ತದೆ. ಓಡಿಸುವವನ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಇರಬೇಕು. ರಸ್ತೆಯ ಬಲಗಡೆ ಓಡಿಸುವುದು ಒಂದೆರಡು ದಿನದಲ್ಲಿ ರೂಢಿಯಾದೀತು. ನಿಜವಾದ ಉರುಳು ಜೆಡ್‌ಟಿಎಲ್. ಹಳೆಯ ಪೇಟೆಯೊಳಗೆ ಹೊರಗಿನ ವಾಹನ ಬರುವಂತಿಲ್ಲ ಎಂಬ ವಲಯ. ತಡೆಯುವ ಪೊಲೀಸರಿಲ್ಲ, ಕ್ಯಾಮೆರಾ ಮಾತ್ರ. ಪ್ರವಾಸ ಮರೆತುಹೋದ ಮೇಲೆ ದಂಡದ ಕಾಗದ ಮನೆಗೆ ಬರುತ್ತದೆ, ವಿಳಾಸ ಕೊಟ್ಟದ್ದಕ್ಕೆ ಕಾರು ಕಂಪನಿಯ ಶುಲ್ಕ ಬೇರೆ.

ಮೂರು ಗಂಟೆಗೆ ಕಾರು ಸಿಕ್ಕಿತು, ಕಪ್ಪು ಫಲಕಕ್ಕೆ ಹಳದಿ ಅಕ್ಷರದ್ದು. ಕೊಚ್ಚಿಯಲ್ಲಿ ಬಿಡುವುದಕ್ಕೆ ಹೆಚ್ಚಿನ ದುಡ್ಡು. ಇಟಲಿಯಲ್ಲೂ ಅದೇ ಕ್ರಮ. ಕಡಲ ಬದಿಯ ಹೆದ್ದಾರಿಯನ್ನು ಆರು ಪಥ ಮಾಡಲು ಅಗೆದು ಹಾಕಿದ್ದರಿಂದ ಎಂ.ಸಿ. ರಸ್ತೆ ಹಿಡಿದೆ. ಮೊದಲ ಒಂದು ಗಂಟೆ ಖುಷಿಯಾಗಿಯೇ ಇದ್ದೆ. ಕೊಟ್ಟಾರಕ್ಕರದಲ್ಲಿ ದಾರಿ ತಪ್ಪಿತು. "ಮೊದಲೇ ಹೇಳಬಾರದಾ?" ಎಂದು ರೇಗಿದೆ. ಅಡೂರಿನಲ್ಲಿ ಇನ್ನೊಮ್ಮೆ. ಅವಳು ಹೊರಗೆ ನೋಡಲೇ ಇಲ್ಲ. ಒಂದು ಕಣ್ಣು ಫೋನಿನ ಮೇಲೆ, ಒಂದು ರಸ್ತೆಯ ಮೇಲೆ. ಮಾವನ ವಿಷಯ ಇನ್ನೇನೋ ಕೇಳಬೇಕು ಅಂದುಕೊಂಡಿದ್ದೆ, ಕೇಳಲಾಗಲಿಲ್ಲ.

ಪಂದಳಂ ಹತ್ತಿರ ಕತ್ತಲಾಯಿತು. ಶಬರಿಮಲೆಯ ಮಂಡಲದ ದಿನಗಳು. ಎದುರಿನಿಂದ ಸಾಲುಸಾಲು ಗಾಡಿ, ನಮ್ಮ ಕೆಎ ನಂಬರಿನವೂ ಬೇಕಾದಷ್ಟು. ಒಂದೊಂದು ದೀಪವೂ ನನ್ನ ಕಣ್ಣಿಗೆ ಒಡೆದ ಮೊಟ್ಟೆಯ ಹಾಗೆ ಹರಡುತ್ತಿತ್ತು. ಆರು ತಿಂಗಳಿಂದ ಹೀಗೇ ಇತ್ತು. ಯಾರಿಗೂ ಹೇಳಿರಲಿಲ್ಲ; ಕನ್ನಡಕ ಬದಲಿಸಿದರೆ ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ರಸ್ತೆಯ ಅಂಚಿನಲ್ಲಿ ಕಪ್ಪು ಪಂಚೆಯುಟ್ಟ ಏಳೆಂಟು ಸ್ವಾಮಿಗಳು ಇರುಮುಡಿ ಹೊತ್ತು ನಡೆಯುತ್ತಿದ್ದರು. ನನಗೆ ಕಂಡಾಗ ಅವರು ಬಾನೆಟ್ಟಿನ ಪಕ್ಕಕ್ಕೇ ಬಂದುಬಿಟ್ಟಿದ್ದರು. ಬ್ರೇಕ್ ತುಳಿದೆ. ಕೊನೆಯವನೊಬ್ಬ ತಿರುಗಿ ನೋಡಿ, ಏನೂ ಅನ್ನದೆ ಮುಂದೆ ಹೋದ. ಅವನ ಹೆಗಲ ಮೇಲೆ ಒಂದು ಮಗು ಕೂತಿತ್ತು.

ಸ್ವಲ್ಪ ಮುಂದೆ ಹೋಗಿ ನಿಲ್ಲಿಸಿದೆ. ಕೈ ನಡುಗುತ್ತಿತ್ತು.

"ಕಾಣಲಿಲ್ಲ ಅಲ್ವಾ?"

"ಕಂಡಿತು. ಸ್ವಲ್ಪ ತಡವಾಗಿ."

"ನನಗೆ ಗೊತ್ತುಂಟು" ಎಂದಳು. "ಮಳೆಗಾಲದಿಂದ ಗೊತ್ತುಂಟು. ನೀವೇ ಹೇಳ್ತೀರಿ ಅಂತ ಕಾದೆ."

ಅಂದರೆ ಗೊತ್ತಿದ್ದೂ ನನ್ನ ಪಕ್ಕದಲ್ಲಿ ಕೂತು ಬಂದಿದ್ದಾಳೆ. ಅದಕ್ಕೆ ಅವಳ ಮೇಲೆ ಕೋಪ ಬಂತು, ಆ ಕೋಪಕ್ಕೆ ನಾಚಿಕೆಯೂ ಆಯಿತು. ತೆವಳಿಕೊಂಡು ಚೆಂಗನ್ನೂರು ಮುಟ್ಟಿದೆವು. ಶಬರಿಮಲೆಗೆ ಹೋಗುವವರು ರೈಲಿನಿಂದ ಇಳಿಯುವ ಊರು, ಲಾಡ್ಜುಗಳೆಲ್ಲ ಭರ್ತಿ. ಏಳನೆಯದರಲ್ಲಿ ಅವಳು ಮಲಯಾಳದಲ್ಲಿ ಅದೇನು ಹೇಳಿದಳೋ, ಒಂದು ಕೋಣೆ ಸಿಕ್ಕಿತು. ಬೆಳಕು ಹರಿದ ಮೇಲೆ ಕೊಚ್ಚಿಗೆ ಹೊರಟೆವು.

ಕಣ್ಣಿನ ಡಾಕ್ಟರು ಎರಡೂ ಕಣ್ಣಿನಲ್ಲಿ ಪೊರೆ ಶುರುವಾಗಿದೆ ಎಂದರು. ಆಪರೇಷನ್ನಿಗೆ ಅವಸರವಿಲ್ಲ, ರಾತ್ರಿ ಮಾತ್ರ ಓಡಿಸಬೇಡಿ ಎಂದರು.

ರೈಲಿನ ಟಿಕೆಟ್‌ಗಳನ್ನು ಅವಳೇ ಕೂತು ಕಾದಿರಿಸಿದ್ದಾಳೆ, ಕಿಟಕಿಯ ಬದಿಗೆ ಎದುರುಬದುರು ಸೀಟು. ಪೆಟ್ಟಿಗೆ ತಲೆಗೊಂದು, ಅದೂ ಅವಳೇ ಎತ್ತಬಲ್ಲಷ್ಟು ಭಾರದ್ದು. ಪರ್ಮಿಟ್ಟಿನ ಅರ್ಜಿಯನ್ನು ನಾನು ಹರಿದುಹಾಕಿಲ್ಲ. ಸಿಯೆನಾದಿಂದ ಒಂದೇ ಒಂದು ದಿನ ಕಾರು ತೆಗೆದುಕೊಂಡು ಪಿಯೆಂಝಾ ಕಡೆಯ ಗುಡ್ಡಗಳಿಗೆ ಹೋಗಿಬರುವ ಆಸೆಯನ್ನು ಮೊನ್ನೆ ಮತ್ತೆ ಎತ್ತಿದೆ. ಮೇ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂವರೆಗೆ ಎಂದೂ ಸೇರಿಸಿದೆ.

ಅವಳು ಫೋನ್ ತೆಗೆದು ಅದು ನಿಜವೇ ಎಂದು ನೋಡಿದಳು.

"ಆಗಲಿ, ಆದರೆ ಐದಕ್ಕೆ ಬೀಗದಕೈ ವಾಪಸ್ ಕೊಟ್ಟಿರಬೇಕು" ಎಂದಳು.