ಬಾಯ್ ಎಂದರೆ ಎಷ್ಟು ವಯಸ್ಸು?

ಚೆನ್ನೈಯ ಬೀದಿಯಲ್ಲಿ ‘ಬಾಯ್’ ಎಂಬ ಸದ್ದು ಕೇಳಿದರೆ ಕರೆದದ್ದು ಯಾರನ್ನು ಎಂದು ತಿರುಗಿ ನೋಡಿಯೇ ತಿಳಿಯಬೇಕು. ಬಿರಿಯಾನಿ ಅಂಗಡಿಯ ಮುಸ್ಲಿಂ ಯಜಮಾನರನ್ನು ಕರೆದಿದ್ದರೆ ಅದು ಭಾಯ್, ಅಂದರೆ ಅಣ್ಣ. ಕಚೇರಿಯಲ್ಲಿ ಕಾಫಿ ತಂದುಕೊಡುವವರನ್ನು ಕರೆದಿದ್ದರೆ ಅದು ಇಂಗ್ಲಿಷಿನ ಬಾಯ್, ಅಂದರೆ ಹುಡುಗ. ತಮಿಳು ಲಿಪಿಯಲ್ಲಿ ಎರಡನ್ನೂ ಬರೆಯುವುದು ಒಂದೇ ತೆರ. ಒಂದು ಪದ ಎದುರಿನವರಿಗೆ ಹಿರಿತನ ಕೊಡುತ್ತದೆ, ಇನ್ನೊಂದು ಇರುವ ವಯಸ್ಸನ್ನೂ ಕಿತ್ತುಕೊಳ್ಳುತ್ತದೆ.

ಈ ಎರಡನೆಯ ಬಾಯ್ ಮದರಾಸಿನಲ್ಲಿ ಬಹಳ ಹಳಬ. ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ ಸೇರಿ ಮಾಡಿದ, 1886ರಲ್ಲಿ ಅಚ್ಚಾದ ‘ಹಾಬ್ಸನ್-ಜಾಬ್ಸನ್’ ನಿಘಂಟಿನಲ್ಲಿ ಅದಕ್ಕೆ ಜಾಗವಿದೆ. ಬರ್ನೆಲ್ ಆಗಿನ ಮದರಾಸು ಪ್ರಾಂತದಲ್ಲಿ ನ್ಯಾಯಾಧೀಶರಾಗಿದ್ದವರು. ಮಂಗಳೂರಿನಲ್ಲಿದ್ದಾಗ ತುಳುನಾಡಿನ ಭೂತಾರಾಧನೆಯ ಬಗ್ಗೆ ಬರೆದವರು. ದಕ್ಷಿಣ ಭಾರತದಲ್ಲಿ ಮನೆಯಾಳನ್ನು ಬಾಯ್ ಎಂದು ಕೂಗುತ್ತಾರೆ ಎಂಬುದು ಆ ನಿಘಂಟು ಕೊಡುವ ಮೊದಲ ಅರ್ಥ. ಎರಡನೆಯ ಅರ್ಥ ಪಲ್ಲಕ್ಕಿ ಹೊರುವವನು. ಪಲ್ಲಕ್ಕಿ ಹೊರುವ ಈ ಬಾಯ್ ಹುಟ್ಟಿದ್ದು ಇಂಗ್ಲಿಷಿನಲ್ಲಲ್ಲ. ತೆಲುಗು, ಮಲಯಾಳಗಳ ಬೋಯಿ, ತಮಿಳಿನ ಬೋವಿ. ನಮ್ಮ ಬೋವಿಯೂ ಅವನೇ. ಹೆಗಲು ಕಾಯಿಕಟ್ಟಿದ ದುಡಿಮೆಗಾರನ ಕುಲದ ಹೆಸರು ದೊರೆಯ ಕಿವಿಯಲ್ಲಿ ಹುಡುಗನಾಗಿಬಿಟ್ಟಿತು. ಆ ಅರ್ಥ ಅವರಿಗೆ ಅನುಕೂಲವಾಗಿಯೂ ಇತ್ತು, ಹಾಗಾಗಿ ತಿದ್ದಿಕೊಳ್ಳುವ ಅಗತ್ಯ ಕಾಣಲಿಲ್ಲ ಎಂದೇ ನನಗನಿಸುತ್ತದೆ. ಮದರಾಸಿನ ಬಟ್ಲರ್ ಇಂಗ್ಲಿಷನ್ನೂ ಅದೇ ಪುಸ್ತಕ ದಾಖಲಿಸುತ್ತದೆ. ಶಾಲೆಯ ಮುಖ ಕಾಣದೆ, ಬರೀ ಕಿವಿಯಿಂದ, ಪರದೇಶದ ಭಾಷೆಯೊಂದನ್ನು ತನ್ನ ಕೆಲಸಕ್ಕೆ ಒಗ್ಗಿಸಿಕೊಂಡವರ ಮಾತು ಅದು. ಆ ಬುದ್ಧಿವಂತಿಕೆ ನನಗೆ ದೊಡ್ಡದಾಗಿ ಕಾಣುತ್ತದೆ.

ದೊರೆಗಳನ್ನಷ್ಟೇ ದೂರುವುದು ನ್ಯಾಯವಲ್ಲ. ಕನ್ನಡದಲ್ಲಿ ಆಳುಮಗ ಎಂಬ ಪದವಿದೆ. ಕಾಯಿ ಕೀಳಲು ಬಂದವರಿಗೆ ಮೊಮ್ಮಕ್ಕಳಿದ್ದರೂ ‘ಹುಡುಗರು ಬಂದಿದ್ದಾರೆ’ ಎನ್ನುತ್ತೇವೆ. ಕರಾವಳಿಯಿಂದ ಮದರಾಸಿನ ಹೋಟೆಲುಗಳಿಗೆ ಬಂದ ಪದ ಮಾಣಿ. ಮನೆಯಲ್ಲಿ ಅದು ಹುಡುಗನಿಗೆ ಮುದ್ದಿನ ಕರೆ. ಅಜ್ಜಿ ‘ಮಾಣೀ, ಉಂಬಲೆ ಬಾ’ ಎಂದರೆ ಹಸಿವಿಲ್ಲದಿದ್ದರೂ ಎದ್ದು ಹೋಗಬೇಕು. ಅದೇ ಮಾಣಿ ಘಟ್ಟ ಹತ್ತಿ ಇಳಿದು, ರೈಲು ಹಿಡಿದು, ಮೌಂಟ್ ರೋಡಿನ ಹೋಟೆಲಿನಲ್ಲಿ ತಟ್ಟೆ ಎತ್ತತೊಡಗಿದಾಗ ಕರೆ ಉಳಿಯಿತು, ಮುದ್ದು ಹೋಯಿತು. ಕಡಂದಲೆಯ ಕೃಷ್ಣರಾಯರು ಅಡಿಗೆಮನೆಯ ಕೆಲಸದಿಂದ ಮೇಲೇರಿ 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲು ತೆರೆದರು, ರಾಯರಾದರು. ಅವರಂತೆ ಬಂದ ಎಷ್ಟೋ ಜನ ಊರಿಗೆ ಮನಿಯಾರ್ಡರ್ ಕಳಿಸುತ್ತ, ತಂಗಿಯರ ಮದುವೆ ಮಾಡಿಸುತ್ತ, ಕೂದಲು ನೆರೆಯುವವರೆಗೂ ಮಾಣಿಗಳಾಗಿಯೇ ಉಳಿದರು.

ಹದಿನಾಲ್ಕು ತುಂಬದ ಮಕ್ಕಳು ಹೋಟೆಲಿನಲ್ಲಿ, ಮನೆಗಳಲ್ಲಿ ದುಡಿಯಬಾರದೆಂಬ ನಿಷೇಧ 2006ರ ಅಕ್ಟೋಬರಿನಲ್ಲಿ ಜಾರಿಗೆ ಬಂತು. ಹುಡುಗರು ಕೆಲಸ ಬಿಡಬೇಕಾಯಿತು, ಹುಡುಗ ಎಂಬ ಹೆಸರು ಮಾತ್ರ ಕೆಲಸದಲ್ಲೇ ಉಳಿಯಿತು. ಈಗ ಅದು ಮಧ್ಯಾಹ್ನದ ಬಿಸಿಲಲ್ಲಿ ಬೈಕಿನ ಮೇಲೆ ನಮ್ಮ ಊಟ ತರುತ್ತದೆ: ಡೆಲಿವರಿ ಬಾಯ್. ಕಂಪನಿಗಳ ಕಾಗದದಲ್ಲಿ ಅವರು ‘ಪಾರ್ಟ್ನರ್’. ತಮಿಳುನಾಡು ಸರ್ಕಾರ 2023ರಲ್ಲಿ ಇಂಥವರಿಗಾಗಿ ಕಲ್ಯಾಣ ಮಂಡಳಿಯೊಂದನ್ನು ಮಾಡಿತು. ಅಲ್ಲಿ ಅವರು ಕಾರ್ಮಿಕರು. ಮೂರರಲ್ಲಿ ನಿಜಕ್ಕೆ ಹತ್ತಿರವಾದದ್ದು ಈ ಕೊನೆಯದೇ.

ಬಾಯ್ ಪದವನ್ನೇ ಬೇಡವೆನ್ನುವವನು ನಾನಲ್ಲ. ಎಪ್ಪತ್ತು ದಾಟಿದವರು ಓಲ್ಡ್ ಬಾಯ್ಸ್ ಸಂಘದಲ್ಲಿ ಕೂಡಿ, ಮೇಷ್ಟರ ಬೆತ್ತ ನೆನೆದು ನಗುವುದನ್ನು ಕಂಡರೆ ಸಂತೋಷವಾಗುತ್ತದೆ. ಗಡಿಯಲ್ಲಿರುವವರನ್ನು, ಚೆಪಾಕಿನ ಕ್ರಿಕೆಟ್ ಮೈದಾನದಲ್ಲಿ ಗೆದ್ದವರನ್ನು ‘ನಮ್ಮ ಹುಡುಗರು’ ಎನ್ನುವಾಗ ಎದೆ ಉಬ್ಬುತ್ತದೆ. ತನ್ನನ್ನು ತಾನೇ ಹುಡುಗ ಎಂದುಕೊಂಡವನಿಗೆ ಪ್ರಾಯ ಮರಳುತ್ತದೆ. ಸಂಬಳ ಕೊಡುವವನು ಹಾಗೆ ಕರೆದರೆ ದುಡಿದು ಗಳಿಸಿದ ಹಿರಿತನ ಹೋಗುತ್ತದೆ.

ಈ ಊರಿನಲ್ಲಿ ಬೇರೆ ಕರೆಗಳಿಗೇನೂ ಬರವಿಲ್ಲ. ದ್ರಾವಿಡ ನಾಯಕ ಅಣ್ಣಾದುರೈ ತಮ್ಮ ಪಕ್ಷದವರಿಗೆ ‘ತಂಬಿ’, ಅಂದರೆ ತಮ್ಮ, ಎಂದು ಸಂಬೋಧಿಸಿ ಪತ್ರ ಬರೆಯುತ್ತಿದ್ದರು. ಜನ ಅವರನ್ನು ಅಣ್ಣಾ ಎಂದರು. ಮೌಂಟ್ ರೋಡು ಅಣ್ಣಾ ಸಾಲೈ ಆಯಿತು. ಸಂತೆಯಲ್ಲಾಗಲಿ ಬಸ್ಸಿನಲ್ಲಾಗಲಿ ಗುರುತಿಲ್ಲದವರನ್ನು ಅಣ್ಣ, ತಂಬಿ ಎನ್ನುವುದು ಇಲ್ಲಿ ಉಸಿರಾಡಿದಷ್ಟು ಸಲೀಸು. ಆದರೂ ನಮ್ಮ ವಸತಿ ಸಮುಚ್ಚಯದ ಗೇಟಿನ ಪುಸ್ತಕದಲ್ಲಿ ಗೆರೆ ಎಳೆದ ಅಂಕಣವೊಂದರ ಮೇಲೆ ‘ಡೆಲಿವರಿ ಬಾಯ್’ ಎಂದಿದೆ. ಅದರ ಕೆಳಗೆ ಸಹಿ ಮಾಡುವವರಲ್ಲಿ ಮಗಳನ್ನು ಕಾಲೇಜಿಗೆ ಸೇರಿಸಿದ ತಂದೆಯರಿದ್ದಾರೆ. ಅಲ್ಲಿ ‘ಹೆಸರು’ ಎಂದಷ್ಟೇ ಬರೆಸಿ ಎಂದು ನಿವಾಸಿಗಳ ಸಂಘದವರಿಗೆ ಕಾಗದ ಕೊಟ್ಟಿದ್ದೇನೆ. ಮುಂದಿನ ಪುಸ್ತಕ ತರಿಸುವಾಗ ನೋಡೋಣ ಎಂದಿದ್ದಾರೆ.