ಹೆಸರೇ ಕ್ರಿಯಾಪದವಾದಾಗ

'ಎಕ್ಸ್-ಕಿರಣಗಳನ್ನು ಕಂಡುಹಿಡಿದವರು ಯಾರು?' ಮೂವತ್ತು ವರ್ಷಗಳಿಂದ ತರಗತಿಯಲ್ಲಿ ಈ ಪ್ರಶ್ನೆ ಕೇಳುತ್ತ ಬಂದವನು ನಾನು. ಉತ್ತರ: ರಾಂಟ್‌ಜನ್. ಒಂದು ಅಂಕ. 'ಬಾಯಿಪಾಠ ಮಾಡಿ, ಆ ಅಂಕ ಎಲ್ಲಿಗೂ ಹೋಗುವುದಿಲ್ಲ' ಎನ್ನುತ್ತಿದ್ದೆ. ಅಲ್ಲಿಗೆ ಪಾಠ ಮುಗಿಯುತ್ತಿತ್ತು.

ಜರ್ಮನಿಗೆ ಕೆಲಸಕ್ಕೆ ಹೋದ ಹಳೆಯ ವಿದ್ಯಾರ್ಥಿಯೊಬ್ಬ ಒಂದು ದಿನ ಫೋನ್ ಮಾಡಿದ. ಹೋದ ಹೊಸತರಲ್ಲೇ ಅವನ ಮಗ ಆಡುತ್ತ ಬಿದ್ದು ಮೊಣಕೈ ಊದಿಕೊಂಡಿತಂತೆ. ಆಸ್ಪತ್ರೆಯಲ್ಲಿ ಡಾಕ್ಟರು ಜರ್ಮನ್‌ನಲ್ಲಿ ಸರಸರನೆ ಏನೋ ಹೇಳಿದರು. ಇವನಿಗೆ ಭಾಷೆ ಬಾರದು. ಮಗುವಿನ ಅಳು ಬೇರೆ. ವಾಕ್ಯದ ಕೊನೆಯ ಪದ ಮಾತ್ರ ಕಿವಿಗೆ ಬಿತ್ತು: 'ರೋಂಟ್‌ಗೆನ್'.

"ಸಾರ್, ನಿಮ್ಮ ಒಂದು ಅಂಕದ ಪದ! ಎಕ್ಸ್‌ರೇ ತೆಗೀಬೇಕು ಅಂತಿದಾರೆ ಅಂತ ಗೊತ್ತಾಗಿ ಜೀವ ಬಂತು. ಆದ್ರೆ ಅವರು ವಿಜ್ಞಾನಿ ಹೆಸರು ಯಾಕೆ ಹೇಳಿದ್ರು?"

ನನಗೂ ಗೊತ್ತಿರಲಿಲ್ಲ. ಜರ್ಮನ್ ವ್ಯಾಕರಣದ ಪುಸ್ತಕ ಹುಡುಕಿ ಕುಳಿತೆ.

ನೋಡಿ, ಅಲ್ಲಿ ಆ ಹೆಸರೇ ಕ್ರಿಯಾಪದ. ಜರ್ಮನ್‌ನ ಬಹುತೇಕ ಕ್ರಿಯಾಪದಗಳ ಮೂಲರೂಪ 'ಎನ್' ಎಂದು ಮುಗಿಯುತ್ತದೆ. ಈ ವಿಜ್ಞಾನಿಯ ಹೆಸರೂ ಹಾಗೇ ಮುಗಿಯುವುದರಿಂದ ಪ್ರತ್ಯಯ ಹಚ್ಚುವ ಕೆಲಸವೇ ಬೀಳಲಿಲ್ಲ. 'ನಾನು ಎಕ್ಸ್‌ರೇ ತೆಗೆಯುತ್ತೇನೆ' ಎನ್ನಲು 'ಇಷ್ ರೋಂಟ್‌ಗೆ'. ತೆಗೆದಾಯಿತು ಎನ್ನುವಾಗ ಮುಂದೊಂದು 'ಗೆ', ಹಿಂದೊಂದು 'ಟ್' ಸೇರಿ 'ಗೆರೋಂಟ್‌ಗ್ಟ್'! ನಾಲಿಗೆ ತೊಡರುತ್ತದೆ, ನಿಯಮ ತಪ್ಪುವುದಿಲ್ಲ. 'ತೆಗೆಯಬೇಕು' ಎನ್ನುವಾಗ 'ಬೇಕು' ಎಂಬ ಪದ ಕರ್ತೃವಿನ ಹಿಂದೆಯೇ ಬಂದುಬಿಡುತ್ತದೆ, ಮುಖ್ಯ ಕ್ರಿಯಾಪದ ವಾಕ್ಯದ ಕೊನೆಗೆ ಹೋಗುತ್ತದೆ. ನನ್ನ ವಿದ್ಯಾರ್ಥಿಗೆ ಅದು ಕೊನೆಯಲ್ಲಿ ಕೇಳಿಸಿದ್ದು ಅದಕ್ಕೇ.

ಇನ್ನೊಂದು ಸ್ವಾರಸ್ಯವಿದೆ. ಜರ್ಮನ್‌ನಲ್ಲಿ ನಾಮಪದಗಳೆಲ್ಲ ದೊಡ್ಡಕ್ಷರದಿಂದ ಆರಂಭವಾಗಬೇಕು, ಕ್ರಿಯಾಪದಕ್ಕೆ ಸಣ್ಣಕ್ಷರ. ಕ್ರಿಯಾಪದವಾದಾಗ ಆ ಮಹನೀಯರ ಹೆಸರು ತನ್ನ ದೊಡ್ಡಕ್ಷರ ಕಳೆದುಕೊಂಡಿತು.

ಅವರು ಅದಕ್ಕೆ ಬೇಸರಪಡುವವರಲ್ಲ. 1895ರ ನವೆಂಬರ್ 8ರಂದು ವ್ಯೂರ್ಟ್ಸ್‌ಬರ್ಗ್‌ನ ಪ್ರಯೋಗಾಲಯದಲ್ಲಿ ಕಿರಣ ಕಂಡಾಗ ಅವರು ಇಟ್ಟ ಹೆಸರು 'ಎಕ್ಸ್', ಅಂದರೆ ಇನ್ನೂ ತಿಳಿಯದ್ದು. 1896ರ ಜನವರಿಯಲ್ಲಿ ಸಭೆಯೊಂದರಲ್ಲಿ ಅಂಗರಚನಾ ತಜ್ಞ ಕ್ಯೋಲಿಕರ್ 'ರಾಂಟ್‌ಜನ್ ಕಿರಣ' ಎನ್ನೋಣ ಎಂದರು. ರಾಂಟ್‌ಜನ್ ಮಾತ್ರ 'ಎಕ್ಸ್' ಬಿಡಲಿಲ್ಲ. ಪೇಟೆಂಟ್ ಪಡೆಯಲಿಲ್ಲ. 1901ರಲ್ಲಿ ಭೌತವಿಜ್ಞಾನದ ಮೊಟ್ಟಮೊದಲ ನೊಬೆಲ್ ಬಂದಾಗ ಹಣವನ್ನು ತಮ್ಮ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಕನ್ನಡದ ನಾವು ಅವರಿಟ್ಟ ಹೆಸರನ್ನು ಉಳಿಸಿಕೊಂಡೆವು; ಜರ್ಮನ್ನರು ಅವರ ಹೆಸರನ್ನೇ ದಿನಬಳಕೆಗೆ ತಂದುಕೊಂಡರು.

ಇಷ್ಟು ದೊಡ್ಡ ಮನುಷ್ಯನನ್ನು ಮೂವತ್ತು ವರ್ಷ ಒಂದು ಅಂಕದಲ್ಲಿ ಕಟ್ಟಿಹಾಕಿದ್ದೆನಲ್ಲ ಎಂದು ನಾಚಿಕೆಯಾಯಿತು. ಈಗ ಆ ಪ್ರಶ್ನೆ ಕೇಳಿದ ಮೇಲೆ ಐದು ನಿಮಿಷ ಈ ಕತೆ ಹೇಳುತ್ತೇನೆ. ಅಂಕ ಈಗಲೂ ಒಂದೇ.

ಹುಡುಗನ ಮೂಳೆ ಮುರಿದಿರಲಿಲ್ಲ. ಈಗ ಅಲ್ಲಿಯ ಶಾಲೆಗೆ ಹೋಗುತ್ತಾನೆ. ಫೋನಿನಲ್ಲಿ ನನ್ನ 'ಗೆರೋಂಟ್‌ಗ್ಟ್' ಉಚ್ಚಾರಣೆ ಕೇಳಿ ನಗುತ್ತಾನೆ, ಆಮೇಲೆ ತಿದ್ದುತ್ತಾನೆ.