ಕೆನೆ ಕಟ್ಟುವ ರಕ್ತ

ಪರೇಲ್‌ನ ಕೆಇಎಂ, ವಾಡಿಯಾ ಆಸ್ಪತ್ರೆಗಳ ದಾರಿ ಠಾಣೆ, ಡೊಂಬಿವಲಿಯಿಂದ ಕೂಸು ಎತ್ತಿಕೊಂಡು ಲೋಕಲ್ ಹಿಡಿಯುವ ತಾಯಂದಿರಿಗೆ ಗೊತ್ತು. 2021ರ ರಾಷ್ಟ್ರೀಯ ನೀತಿಯಲ್ಲಿ ಅಪರೂಪದ ಕಾಯಿಲೆಗಳಿಗೆಂದು ಗುರುತಿಸಿದ ಕೇಂದ್ರಗಳಲ್ಲಿ ಕೆಇಎಂ ಕೂಡ ಒಂದು. ಅಂಥ ಕಾಯಿಲೆಗಳಲ್ಲಿ ಒಂದು ಕಣ್ಣಿಗೇ ಕಾಣುತ್ತದೆ. ಕೂಸಿನಿಂದ ತೆಗೆದ ರಕ್ತ ಹಾಲು ಬೆರೆಸಿದಂತೆ ತಿಳಿಗುಲಾಬಿ. ಅದರ ಪ್ಲಾಸ್ಮಾವನ್ನು ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಮೇಲೆ ಕೆನೆ.

ಆ ಕೆನೆ ಬಂದದ್ದು ತಾಯಿಹಾಲಿನಿಂದಲೇ. ಹಾಲಿನ ಕೊಬ್ಬನ್ನು ಕರುಳು ಕೈಲೋಮೈಕ್ರಾನ್ ಎಂಬ ಪುಟ್ಟ ಗಂಟುಗಳಾಗಿ ಕಟ್ಟಿ ರಕ್ತಕ್ಕೆ ಬಿಡುತ್ತದೆ. ಗಂಟು ಬಿಚ್ಚುವುದು ಲಿಪೋಪ್ರೋಟೀನ್ ಲೈಪೇಸ್ ಎಂಬ ಕಿಣ್ವ. ಈ ಮಕ್ಕಳಲ್ಲಿ ಅದರ ಕೊರತೆಯಿದೆ ಎಂದು 1960ರಲ್ಲಿ ಹ್ಯಾವೆಲ್ ಮತ್ತು ಗಾರ್ಡನ್ ತೋರಿಸಿದರು. ಬಿಚ್ಚದ ಗಂಟುಗಳು ತೇಲುತ್ತಲೇ ಇರುತ್ತವೆ. 150ರ ಒಳಗಿರಬೇಕಾದ ಟ್ರೈಗ್ಲಿಸರೈಡ್ 1000 ದಾಟುತ್ತದೆ. ಮೇದೋಜೀರಕ ಗ್ರಂಥಿ ಉರಿಯೂತಕ್ಕೆ ಸಿಕ್ಕರೆ ಜೀವಕ್ಕೇ ಸಂಚಕಾರ. ಕೆಟ್ಟ ಜೀನು ಅಪ್ಪ, ಅಮ್ಮ ಇಬ್ಬರಿಂದಲೂ ಬರಬೇಕು. ಸೋದರಮಾವನಿಗೆ ಹೆಣ್ಣು ಕೊಡುವ ಮನೆಗಳಲ್ಲಿ ಅವೆರಡೂ ಸಂಧಿಸುವ ಸಾಧ್ಯತೆ ಹೆಚ್ಚು.

ಚಿಕಿತ್ಸೆಯೆಂದರೆ ಮುಖ್ಯವಾಗಿ ಪಥ್ಯ. ತಾಯಿಹಾಲಿನ ಶಕ್ತಿಯ ಅರ್ಧದಷ್ಟು ಬರುವುದೇ ಕೊಬ್ಬಿನಿಂದ, ಹಾಗಾಗಿ ಮೊದಲು ನಿಲ್ಲಿಸುವುದು ಅದನ್ನೇ. ಬದಲಿಗೆ ಎಂಸಿಟಿ ಎಣ್ಣೆ ಬೆರೆತ ವಿಶೇಷ ಪುಡಿಹಾಲು. ಆ ಕೊಬ್ಬು ಗಂಟು ಕಟ್ಟದೆ ನೇರ ಯಕೃತ್ತಿಗೆ ಹೋಗುತ್ತದೆ. ಅದನ್ನು ತೆಂಗಿನೆಣ್ಣೆಯಿಂದಲೂ ತೆಗೆಯುತ್ತಾರೆ ಎಂದರೆ ಅಜ್ಜಿಯ ಕಣ್ಣು ಅರಳಬಹುದು. ಆದರೆ ಅಡುಗೆಮನೆಯ ಬಾಟಲಿಯ ಎಣ್ಣೆ ನಡೆಯದು, ಅದರಲ್ಲಿ ಬೇರೆ ಕೊಬ್ಬುಗಳೇ ಹೆಚ್ಚು.

ಪಥ್ಯ ಹಿಡಿದರೆ ಕೆಲವೇ ದಿನಗಳಲ್ಲಿ ರಕ್ತ ತಿಳಿಯಾಗತೊಡಗುತ್ತದೆ. ತಾಯಿಯ ಹಾಲು ಅಷ್ಟು ಬೇಗ ಬತ್ತುವುದಿಲ್ಲ. ಪಕ್ಕದ ಮಂಚದ ಕೂಸು ಅತ್ತರೂ ಸಾಕು, ಎದೆ ತೊರೆಯುತ್ತದೆ, ಹಿಂಡಿ ಚೆಲ್ಲಬೇಕು.